ಗಲ್ಲಾ ಪೆಟ್ಟಿಗೆಯ ದುಡ್ಡು ಯಾರದು?

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ಕ್ಯಾತ್ಸಂದ್ರಕ್ಕೆ ಮೊದಲು ಹಿರೇಹಳ್ಳಿ ಸಿಗುತ್ತದೆ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ರೈಲು ನಿಲ್ದಾಣ, ಹಣ್ಣಿನ ಗಿಡಗಳಿಗೆ ಹೆಸರಾದ ತೋಟಗಾರಿಕೆ ಕೇಂದ್ರ. ಇಲ್ಲಿ ನಮ್ಮ ದೊಡ್ಡಪ್ಪನದೊಂದು ದಿನಸಿ ಅಂಗಡಿ ಇದೆ. ಫ್ಯಾಕ್ಟರಿಗೆ ಹೋಗುವ ಹುಡುಗರು, ತೋಟದ ಕೂಲಿಯವರು, ಸುತ್ತಲ ಹಳ್ಳಿಯ ಹೆಂಗಸರು ಅಲ್ಲಿನ ಗಿರಾಕಿಗಳು.

2022ರ ಬೇಸಿಗೆಯಲ್ಲಿ ಒಂದು ದಿನ ಅಂಗಡಿಗೆ ಹೋಗಿದ್ದೆ. ದೊಡ್ಡಪ್ಪ ಗಲ್ಲಾ ಪೆಟ್ಟಿಗೆ ಎಳೆದು ತೋರಿಸಿದರು. ನೋಟು ತುಂಬಿತ್ತು. ಆಮೇಲೆ ಹಿಂದಿನ ಗೂಡು ತೋರಿಸಿದರು. ಎಣ್ಣೆ ಡಬ್ಬಗಳು ಇರುತ್ತಿದ್ದ ಜಾಗ ಅರ್ಧ ಖಾಲಿ.

"ಗಲ್ಲಾ ನೋಡಿದ್ರೆ ವ್ಯಾಪಾರ ಜೋರಾಗೈತೆ. ಗೂಡು ನೋಡಿದ್ರೆ ಅಂಗಡಿ ಮುಳುಗ್ತಾ ಐತೆ. ದುಡ್ಡು ಎಲ್ಲಿಗ್ ಹೋಗ್ತೈತೋ ಗೊತ್ತಾಗ್ತಿಲ್ಲ ಮಗಾ" ಅಂದರು.

ಯಾರೂ ಕದ್ದಿರಲಿಲ್ಲ. ಉದ್ರಿ ಜಾಸ್ತಿಯಾಗಿತ್ತು, ಆದರೆ ಅಷ್ಟೇನೂ ಅಲ್ಲ. ಅವರ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಉತ್ತರ ಹುಡುಕುತ್ತಾ ಹಿಂದೆ ಹೋದಾಗ, ಇದೇ ಪ್ರಶ್ನೆ ನಮ್ಮ ಸೀಮೆಯ ಅಂಗಡಿಯವರಿಗೆ ನೂರು ವರ್ಷದಲ್ಲಿ ಹಲವು ಸಲ ಎದುರಾಗಿದ್ದು ಕಂಡಿತು. ಆ ಕಥೆ ಇದು.

ಮೊದಲು ಒಂದು ಚಿಕ್ಕ ಲೆಕ್ಕ

ಲೆಕ್ಕಕ್ಕಾಗಿ ಹೀಗೆ ಅಂದುಕೊಳ್ಳಿ. ಅಂಗಡಿಯವರೊಬ್ಬರು 10 ಡಬ್ಬ ಎಣ್ಣೆ ತಂದರು. ಡಬ್ಬಕ್ಕೆ 2,000 ರೂಪಾಯಿ. ಒಟ್ಟು 20,000. ನೂರಕ್ಕೆ ಐದು ಲಾಭ ಇಟ್ಟು ಎಲ್ಲವನ್ನೂ ಮಾರಿದರು. ಗಲ್ಲಾಕ್ಕೆ 21,000 ಬಂತು. ಸಾವಿರ ಲಾಭ ಅಂತ ಮನೆಗೆ ಕೊಟ್ಟರು. ಉಳಿದ 20,000 ಹಿಡಿದು ಮಂಡಿಗೆ ಹೋದರೆ ಡಬ್ಬದ ಬೆಲೆ 2,400 ಆಗಿದೆ. ಬಂದಿದ್ದು 8 ಡಬ್ಬ, ಕೈಯಲ್ಲಿ 800 ರೂಪಾಯಿ.

ಪುಸ್ತಕದಲ್ಲಿ ಬರೆದರೆ ಇದು ಲಾಭ. ಗೂಡಲ್ಲಿ ನೋಡಿದರೆ ಎರಡು ಡಬ್ಬ ಕಾಣೆಯಾಗಿದೆ. ಮನೆಗೆ ಕೊಟ್ಟ ಆ ಸಾವಿರ ಲಾಭವೇ ಆಗಿರಲಿಲ್ಲ, ಅದು ಮುಂದಿನ ಎಣ್ಣೆಯ ದುಡ್ಡಾಗಿತ್ತು. ಅದನ್ನು ಸೇರಿಸಿದ್ದರೂ 10 ಡಬ್ಬ ಬರುತ್ತಿರಲಿಲ್ಲ. ಹೀಗೆ ನಾಲ್ಕೈದು ಸುತ್ತು ಆದರೆ ಅಂಗಡಿ ಅರ್ಧಕ್ಕೆ ಬರುತ್ತದೆ. ಗಲ್ಲಾ ಮಾತ್ರ ಕೊನೆಯವರೆಗೂ ತುಂಬಿದ ಹಾಗೇ ಕಾಣುತ್ತಿರುತ್ತದೆ.

ರಾಗಿ ಕೊಟ್ಟರೆ ರಾಗಿಯೇ ವಾಪಸ್

ನಮ್ಮ ಅಜ್ಜಂದಿರ ಅಜ್ಜಂದಿರಿಗೆ ಈ ತಾಪತ್ರಯ ಇಷ್ಟು ಇರಲಿಲ್ಲ. ಅವರು ಬುದ್ಧಿವಂತರಾಗಿದ್ದರು ಅಂತಲ್ಲ, ಹಳ್ಳಿಯಲ್ಲಿ ದುಡ್ಡಿನ ಓಡಾಟವೇ ಕಡಿಮೆ ಇತ್ತು. ಕೂಲಿಗೆ ರಾಗಿ, ಆಯಗಾರರಿಗೆ ರಾಗಿ. ಅಂಗಡಿಗೆ ಹುಣಸೆಹಣ್ಣೋ ಹುರುಳಿಯೋ ಅಳೆದುಕೊಟ್ಟು ಉಪ್ಪು, ಮೆಣಸು ತರುವುದು ರೂಢಿ. ಸಾಲವೂ ಹಾಗೇ. ಒಂದು ಪಲ್ಲ ರಾಗಿ ಸಾಲ ತೆಗೆದುಕೊಂಡರೆ ಸುಗ್ಗಿಯಲ್ಲಿ ರಾಗಿಯನ್ನೇ, ಒಂದಿಷ್ಟು ಸೇರಿಸಿ, ವಾಪಸ್ ಅಳೆಯಬೇಕು. ರಾಗಿಯ ಬೆಲೆ ಏರಲಿ ಇಳಿಯಲಿ, ಕೊಟ್ಟವನ ಅಸಲು ರಾಗಿಯಲ್ಲೇ ಇರುತ್ತಿತ್ತು. ಆ ಬಡ್ಡಿ ಬಡವರನ್ನು ಹಿಂಡಿದ್ದೂ ನಿಜ. ಆದರೆ ಲೆಕ್ಕದ ರೀತಿ ಗಮನಿಸಿ: ಅಸಲನ್ನು ಸರಕಿನಲ್ಲಿ ಎಣಿಸುತ್ತಿದ್ದರು.

ಹಗೇವು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ನೆಲದೊಳಗೆ ತೋಡಿದ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಅದೇ ಮನೆಯ ಮೀಸಲು. ಸ್ವಲ್ಪ ಕೈಯಾಡಿದವರ ಮನೆಯಲ್ಲಿ ಬೆಳ್ಳಿ ರೂಪಾಯಿಯೂ ಇರುತ್ತಿತ್ತು. ಆಗಿನ ರೂಪಾಯಿ ಒಂದು ತೊಲ ತೂಕ, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಗಡಿಗೆಗೆ ಹಾಕಿ ಹೂತಿಟ್ಟರೆ ಹೂತಿಟ್ಟಿದ್ದು ಬೆಳ್ಳಿಯನ್ನೇ.

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಅಡಿಕೆ, ಕೊಬ್ಬರಿ, ಬೆಲ್ಲದ ವ್ಯಾಪಾರ ದೂರದ ಪೇಟೆಗಳಿಗೆ ಸುಲಭವಾಗಿ ಬೆಸೆದುಕೊಂಡಿತು. ದುಡ್ಡಿನ ಓಡಾಟ ಹೆಚ್ಚಿತು. ಹೊರಗಿನ ಬೆಲೆಯ ಬಿಸಿಯೂ ಅದೇ ಹಳಿ ಮೇಲೆ ಬರತೊಡಗಿತು.

ಗುಬ್ಬಿಯ ವ್ಯಾಪಾರಿ ಮಾಡಿದ್ದು

ಗುಬ್ಬಿ ತೋಟದಪ್ಪನವರ ಹೆಸರು ಕೇಳದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. 1838ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಬೆಳೆದವರು. 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಪ್ರಯಾಣಿಕರಿಗೆ ಛತ್ರ ಕಟ್ಟಿಸಿದರು, ಬಡ ವಿದ್ಯಾರ್ಥಿಗಳಿಗೆ ಹಾಸ್ಟೆಲು ಮಾಡಿದರು, ಎಲ್ಲವನ್ನೂ ಧರ್ಮಸಂಸ್ಥೆಗೆ ಬರೆದಿಟ್ಟು 1910ರಲ್ಲಿ ತೀರಿಕೊಂಡರು.

ಅವರ ದಾನದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಂಗಡಿಯವರು ಗಮನಿಸಬೇಕಾದ ಇನ್ನೊಂದು ವಿಷಯ ಅದರಲ್ಲಿದೆ. ಒಂದು ಜೀವಮಾನದ ಗಳಿಕೆಯನ್ನು ಅವರು ನೋಟಿನ ಕಟ್ಟಾಗಿ ಬಿಟ್ಟುಹೋಗಿದ್ದರೆ, ಮುಂದಿನ ಎರಡು ಮಹಾಯುದ್ಧಗಳ ಬೆಲೆಯೇರಿಕೆಯಲ್ಲಿ ಅದು ಕರಗುತ್ತಿತ್ತು. ನೆಲ, ಕಟ್ಟಡವಾಗಿ ಬಿಟ್ಟಿದ್ದರಿಂದ ನೂರಿಪ್ಪತ್ತು ವರ್ಷ ಕಳೆದರೂ ಕೆಲಸಕ್ಕೆ ಬರುತ್ತಿದೆ. ಆದರೆ ಇದು ವ್ಯಾಪಾರ ಮುಗಿಸುವ ವಯಸ್ಸಿನ ಮಾತು. ನಾಳೆ ಬೆಳಿಗ್ಗೆ ಮಂಡಿಗೆ ಹೋಗಬೇಕಾದವನು ಕಟ್ಟಡ ಕಿತ್ತು ಎಣ್ಣೆ ತರಲು ಆಗುವುದಿಲ್ಲ. ದಿನದ ಅಂಗಡಿಗೆ ಕೈಯಲ್ಲಿ ಕಾಸು ಬೇಕೇ ಬೇಕು.

ದಿನಕ್ಕೆ ಎರಡಾಣೆ

ಆ ಕಾಸನ್ನು ಕೂಡಿಡುವ ಉಪಾಯ ಹುಟ್ಟಿದ್ದು ಉಡುಪಿಯಲ್ಲಿ. 1925ರಲ್ಲಿ ಅಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಶುರುವಾದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಡಾ. ಟಿ.ಎಂ.ಎ. ಪೈ ಅದರ ಸ್ಥಾಪಕರಲ್ಲಿ ಒಬ್ಬರು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರುಮಾಡಿದರು. ಬ್ಯಾಂಕಿನ ಏಜೆಂಟ್ ದಿನಾ ಅಂಗಡಿ, ಮನೆ ಬಾಗಿಲಿಗೆ ಬಂದು ಎರಡಾಣೆಯಿಂದ ಹಿಡಿದು ದುಡ್ಡು ತೆಗೆದುಕೊಂಡು ಹೋಗುತ್ತಿದ್ದ.

ಇವತ್ತಿಗೂ ನಮ್ಮ ಊರುಗಳ ಅಂಗಡಿಗೆ ಸಂಜೆ ಪಿಗ್ಮಿಯವರು ಬರುತ್ತಾರೆ. ಪಿಗ್ಮಿಯ ದೊಡ್ಡ ಉಪಕಾರ ಬಡ್ಡಿಯಲ್ಲಿ ಇಲ್ಲ. ಗಲ್ಲಾದಲ್ಲಿದ್ದರೆ ಖರ್ಚಾಗುವ ದುಡ್ಡನ್ನು ಅದು ಕೈಯಿಂದ ಆಚೆ ಇಡುತ್ತದೆ. ಆದರೆ ಬೆಲೆಗಳು ಓಡುವ ಕಾಲದಲ್ಲಿ ಪಿಗ್ಮಿ ದುಡ್ಡು ನಿಂತಲ್ಲೇ ಸೊರಗುತ್ತದೆ. ಇದು ಜನಕ್ಕೆ ಗೊತ್ತಾಗಲು ಹೆಚ್ಚು ವರ್ಷ ಬೇಕಾಗಲಿಲ್ಲ.

ತೂತಿನ ಕಾಸಿನ ಕಾಲ

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಬ್ರಿಟನ್ ಭಾರತದಲ್ಲಿ ಸೈನ್ಯಕ್ಕೆ ಬೇಕಾದ ಅಕ್ಕಿ, ಬಟ್ಟೆ, ಮರ ಎಲ್ಲ ಕೊಂಡಿತು. ಅದರ ಬಾಕಿಯನ್ನು ಲಂಡನ್ನಿನ ಲೆಕ್ಕದಲ್ಲಿ ಬರೆದಿಟ್ಟು, ಇಲ್ಲಿ ಅದರ ಮೇಲೆ ನೋಟು ಅಚ್ಚು ಹಾಕಿಸಿತು. ಯುದ್ಧಕ್ಕೆ ಮುಂಚೆ ಸುಮಾರು 180 ಕೋಟಿ ರೂಪಾಯಿ ನೋಟು ಚಲಾವಣೆಯಲ್ಲಿದ್ದರೆ, 1945ರ ಹೊತ್ತಿಗೆ 1,100 ಕೋಟಿ ದಾಟಿತ್ತು. ಸರಕು ಹೆಚ್ಚಲಿಲ್ಲ, ನೋಟು ಹೆಚ್ಚಿತು. ಸಗಟು ಬೆಲೆ ಎರಡು ಪಟ್ಟು ಮೀರಿತು.

ನಮ್ಮದು ಮೈಸೂರು ಮಹಾರಾಜರ ಸಂಸ್ಥಾನ, ಬ್ರಿಟಿಷರ ನೇರ ಆಡಳಿತ ಅಲ್ಲ. ಆದರೆ ಮೈಸೂರಿನ ಸ್ವಂತ ಟಂಕಸಾಲೆ 1843ರಲ್ಲೇ ಮುಚ್ಚಿತ್ತು. ತುಮಕೂರಿನ ಸಂತೆಯಲ್ಲೂ ಓಡುತ್ತಿದ್ದುದು ಅದೇ ಬ್ರಿಟಿಷ್ ಇಂಡಿಯಾದ ರೂಪಾಯಿ. ಹಾಗಾಗಿ ಬೆಲೆಯೇರಿಕೆ ಇಲ್ಲಿಗೂ ತಪ್ಪದೆ ಬಂತು. ಜೊತೆಗೆ ರೇಷನ್, ಧಾನ್ಯದ ಲೆವಿ.

ಚಿಲ್ಲರೆಯೂ ಸಿಗದಾಯಿತು. 1940ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ಬಂತು. ಹೊಸ ರೂಪಾಯಿ ನಾಣ್ಯದಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. ಹಳೆಯ ಬೆಳ್ಳಿ ರೂಪಾಯಿಗಳನ್ನು 1941ರಿಂದ ಸರ್ಕಾರ ಹಂತಹಂತವಾಗಿ ಚಲಾವಣೆಯಿಂದ ಹಿಂದಕ್ಕೆ ತೆಗೆದುಕೊಂಡಿತು. 1943ರಲ್ಲಿ ತಾಮ್ರ ಉಳಿಸಲು ನಡುವೆ ತೂತಿರುವ ಕಾಸು ಬಂತು. ಎಷ್ಟೋ ಮನೆಗಳಲ್ಲಿ ಮಕ್ಕಳ ಉಡಿದಾರಕ್ಕೆ ಕಟ್ಟಿದ ಆ ತೂತಿನ ಕಾಸು ಈಗಲೂ ಸಿಗುತ್ತದೆ. ಅದನ್ನು ನೋಡಿದಾಗ ನೆನಪಿಟ್ಟುಕೊಳ್ಳಿ, ಅದು ಬೆಲೆಯೇರಿಕೆಯ ಕಾಲದ ಗುರುತು.

ಆಗ ಉಳಿದವರು ಯಾರು? ಹಗೇವಿನಲ್ಲಿ ರಾಗಿ ಇದ್ದವರು, ಗಡಿಗೆಯಲ್ಲಿ ಹಳೆಯ ಬೆಳ್ಳಿ ಇದ್ದವರು. ಸೊರಗಿದವರು ಕಾಗದದ ನೋಟನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕಾದವರು, ಮತ್ತು ಉದ್ರಿಯನ್ನು ರೂಪಾಯಿಯಲ್ಲಿ ಬರೆದುಕೊಂಡವರು. ಯುದ್ಧ ಮುಗಿದ ಮೇಲೆ, 1946ರ ಜನವರಿ 12ರಂದು 500, 1,000, 10,000 ರೂಪಾಯಿ ನೋಟುಗಳನ್ನೇ ಸರ್ಕಾರ ರದ್ದು ಮಾಡಿತು. ಕಾಳಸಂತೆಯ ದುಡ್ಡು ಹಿಡಿಯುವುದು ಉದ್ದೇಶ. ಹಳ್ಳಿ ಅಂಗಡಿಯ ಗಲ್ಲಾದಲ್ಲಿ ಅಷ್ಟು ದೊಡ್ಡ ನೋಟು ಎಲ್ಲಿಂದ ಬರಬೇಕು! ಆದರೆ ಒಂದು ಮಾತು ಎಲ್ಲರಿಗೂ ತಿಳಿಯಿತು. ಪೆಟ್ಟಿಗೆಯಲ್ಲಿರುವ ನೋಟು ಸರ್ಕಾರದ ಒಂದು ಆಜ್ಞೆಗೆ ಕಾಗದವಾಗಬಹುದು.

ಜರ್ಮನಿಯ ಅಂಗಡಿಯವರ ಕಥೆ

ದೊಡ್ಡಪ್ಪನ ಪ್ರಶ್ನೆಯನ್ನು ಇನ್ನೂ ಕ್ರೂರವಾಗಿ ಅನುಭವಿಸಿದವರು 1920ರ ದಶಕದ ಜರ್ಮನಿಯ ಅಂಗಡಿಯವರು. ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ ನಾಲ್ಕು ಚಿಲ್ಲರೆ ಮಾರ್ಕ್ ಇತ್ತು. 1923ರ ನವೆಂಬರಿನಲ್ಲಿ ಅದು 4 ಲಕ್ಷ 20 ಸಾವಿರ ಕೋಟಿ ಮಾರ್ಕ್ ಆಯಿತು. ಬೆಳಿಗ್ಗೆ ಮಾರಿದ ದುಡ್ಡಿಗೆ ಸಂಜೆ ಸರಕು ಬರುತ್ತಿರಲಿಲ್ಲ.

ಅಲ್ಲೊಂದು ಜಗಳ ನಡೆಯಿತು. ಕೊಂಡ ಬೆಲೆಯ ಮೇಲೆ ಲಾಭ ಇಡಬೇಕೋ, ಅದೇ ಸರಕನ್ನು ಮತ್ತೆ ತರಲು ಬೇಕಾದ ಬೆಲೆಯ ಮೇಲೋ? ಎರಡನೆಯದನ್ನು ಮಾಡಿದವರನ್ನು ಜನ ಸುಲಿಗೆಕೋರರು ಅಂದರು, ಅಧಿಕ ಲಾಭದ ವಿರುದ್ಧದ ಕಾನೂನು ಅವರ ಮೇಲೆ ಬಿತ್ತು. ಮೊದಲನೆಯದನ್ನು ಮಾಡಿದವರು ಒಳ್ಳೆಯವರು ಅನ್ನಿಸಿಕೊಂಡರು, ಅವರ ಗೂಡು ಖಾಲಿಯಾಯಿತು. ಫ್ರಿಟ್ಜ್ ಶ್ಮಿಟ್ ಎಂಬ ಪ್ರಾಧ್ಯಾಪಕರು 1921ರಲ್ಲೇ ಪುಸ್ತಕ ಬರೆದು, ಸರಕನ್ನು ಮತ್ತೆ ತರುವ ಬೆಲೆ ಕಳೆದ ಮೇಲೆ ಉಳಿದದ್ದು ಮಾತ್ರ ಲಾಭ ಎಂದು ವಾದಿಸಿದ್ದರು.

ಎರಡೂ ಕಡೆ ನ್ಯಾಯ ಇದೆ. ನಿನ್ನೆ ಅಗ್ಗಕ್ಕೆ ತಂದಿದ್ದನ್ನು ಇವತ್ತು ದುಬಾರಿಗೆ ಮಾರಿದರೆ ಕೂಲಿ ಮಾಡುವ ತಾಯಿಗೆ ಹೊಟ್ಟೆ ಉರಿಯುತ್ತದೆ. ಮಾರದಿದ್ದರೆ ಮುಂದಿನ ತಿಂಗಳು ಆ ಅಂಗಡಿಯೇ ಇರುವುದಿಲ್ಲ, ಆಕೆ ಉಪ್ಪಿಗೂ ತುಮಕೂರಿಗೆ ಹೋಗಬೇಕಾಗುತ್ತದೆ.

ಎಪ್ಪತ್ನಾಲ್ಕರ ದುಬಾರಿ

ನಮ್ಮ ಹಿರಿಯರು "ಎಪ್ಪತ್ಮೂರು, ಎಪ್ಪತ್ನಾಲ್ಕರ ದುಬಾರಿ" ಅಂತ ಈಗಲೂ ಹೇಳುತ್ತಾರೆ. 1972ರಲ್ಲಿ ಬರ. 1973ರ ಕೊನೆಯಲ್ಲಿ ಅರಬ್ ದೇಶಗಳು ತೈಲ ಬಿಗಿ ಹಿಡಿದವು, ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ನಾಲ್ಕು ಪಟ್ಟಿನ ಹತ್ತಿರ ಹೋಯಿತು. 1974-75ರಲ್ಲಿ ದೇಶದ ಸಗಟು ಬೆಲೆ ಒಂದೇ ವರ್ಷಕ್ಕೆ ನೂರಕ್ಕೆ 25ರಷ್ಟು ಏರಿತು. ಬ್ಯಾಂಕಿನ ಠೇವಣಿ ಬಡ್ಡಿ ಅದರ ಅರ್ಧವೂ ಇರಲಿಲ್ಲ. ನೂರು ರೂಪಾಯಿ ಕೂಡಿಟ್ಟವನು ವರ್ಷದ ಕೊನೆಗೆ ಬಡ್ಡಿ ಸೇರಿಸಿಕೊಂಡರೂ ಹಿಂದೆ ಬಿದ್ದ.

ಆಗ ಅಂಗಡಿಯವರಿಗೆ ಸಹಜವಾಗಿ ತೋಚುವ ದಾರಿ ಒಂದೇ: ದುಡ್ಡನ್ನೆಲ್ಲ ಸರಕು ಮಾಡಿ ಇಟ್ಟುಕೊಳ್ಳುವುದು. ಅದಕ್ಕೆ ಎರಡು ಗೋಡೆ. ಒಂದು, 1955ರ ಅಗತ್ಯ ವಸ್ತುಗಳ ಕಾಯ್ದೆ. ಕಾಳು, ಎಣ್ಣೆ, ಸಕ್ಕರೆಯಂಥ ಸರಕಿಗೆ ಸರ್ಕಾರ ದಾಸ್ತಾನು ಮಿತಿ ಹಾಕಬಹುದು, ಮೀರಿದರೆ ಕೇಸು. ಇನ್ನೊಂದು, ಏರಿದ ಬೆಲೆ ಇಳಿಯುವುದೂ ಉಂಟು. ಎಲ್ಲರೂ ಕೂಡಿಟ್ಟರೆ ಜನ ಉಪವಾಸ ಬೀಳುತ್ತಾರೆ ಎಂಬುದು ಮೂರನೆಯ ಮಾತು, ಅದೇ ಮುಖ್ಯವಾದ ಮಾತು.

ಸರಕು ಯಾವಾಗಲೂ ಕಾಯುತ್ತದೆ ಅನ್ನುವುದು ಸುಳ್ಳು ಅನ್ನಲು ದೂರ ಹೋಗಬೇಕಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ತಿಪಟೂರು ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿತ್ತು, ರೈತರು ಬೀದಿಗಿಳಿದರು. ಬೆಲೆ ಏರುತ್ತದೆಂದು ಅಟ್ಟದಲ್ಲಿ ಕೊಬ್ಬರಿ ಇಟ್ಟು ಕಾದವರ ಕಷ್ಟ ನಮ್ಮ ಜಿಲ್ಲೆಗೆ ಬಿಡಿಸಿ ಹೇಳಬೇಕಿಲ್ಲ.

ಪೊಟ್ಟಣದ ಮೇಲಿನ ಬೆಲೆ

1990ರಲ್ಲಿ ಪೊಟ್ಟಣದ ಸರಕಿನ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಅಂದರೆ ಎಂಆರ್‌ಪಿ, ಅಚ್ಚು ಹಾಕುವ ನಿಯಮ ಬಂತು. ಗಿರಾಕಿಗೆ ಇದು ದೊಡ್ಡ ರಕ್ಷಣೆ. ಅಂಗಡಿಯವರಿಗೆ ಇದರಿಂದ ಲೆಕ್ಕ ಬದಲಾಯಿತು. ಹಳೆಯ ಬೆಲೆಯ ಸೋಪು ಹಳೆಯ ಬೆಲೆಗೇ ಹೋಗಬೇಕು. ಹೊಸ ಸೋಪು ಹೊಸ ಬೆಲೆಗೇ ಬರಬೇಕು. ನಡುವಿನ ಅಂತರ ತುಂಬುವವರು ಅಂಗಡಿಯವರು.

ಮರುವರ್ಷವೇ 1991ರ ಬಿಕ್ಕಟ್ಟು. ಜುಲೈ 1 ಮತ್ತು 3ರಂದು ಎರಡು ಸಲ ರೂಪಾಯಿಯ ಬೆಲೆ ಇಳಿಸಿದರು. ಆಮದಾಗುವ ಸರಕೆಲ್ಲ ದುಬಾರಿಯಾಯಿತು. ಆಮೇಲೆ 2016ರ ನವೆಂಬರ್ 8. ಚಲಾವಣೆಯಲ್ಲಿದ್ದ ನೋಟಿನ ಮೌಲ್ಯದಲ್ಲಿ ನೂರಕ್ಕೆ 86ರಷ್ಟು ಒಂದೇ ರಾತ್ರಿ ರದ್ದಾಯಿತು. 1946ರಲ್ಲಿ, 1978ರಲ್ಲಿ ದೊಡ್ಡವರಿಗೆ ತಟ್ಟಿದ್ದು ಈ ಸಲ ಹಳ್ಳಿ ಅಂಗಡಿಗೇ ತಟ್ಟಿತು. ಗಲ್ಲಾದಲ್ಲಿದ್ದದ್ದೇ 500ರ ನೋಟು.

ಕೊನೆಗೆ 2022. ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ಯುದ್ಧ ಹೂಡಿತು. ನಾವು ಬಳಸುವ ಸೂರ್ಯಕಾಂತಿ ಎಣ್ಣೆಯ ದೊಡ್ಡ ಪಾಲು ಆ ಎರಡು ದೇಶಗಳಿಂದಲೇ ಬರುತ್ತಿತ್ತು. ಏಪ್ರಿಲ್ 28ರಿಂದ ಇಂಡೊನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿತು, ಮತ್ತೆ ಬಿಟ್ಟಿದ್ದು ಮೇ 23ಕ್ಕೆ. ಆ ಏಪ್ರಿಲ್ ತಿಂಗಳಲ್ಲಿ ದೇಶದ ಚಿಲ್ಲರೆ ಹಣದುಬ್ಬರ ನೂರಕ್ಕೆ 7.79. ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಾಕಿದ ಅಕ್ಕಿ, ಹಿಟ್ಟು, ಮೊಸರಿಗೂ ನೂರಕ್ಕೆ 5 ಜಿಎಸ್‌ಟಿ ಬಂತು. ಉಕ್ರೇನಿನ ಗುಂಡು ಹಿರೇಹಳ್ಳಿಯ ಗೂಡಿಗೆ ತಾಗಿದ್ದು ಹೀಗೆ.

ಗಲ್ಲಾದಲ್ಲಿ ಮೂರು ಪಾಲು

ಇಷ್ಟು ಓದಿಕೊಂಡು ಮತ್ತೆ ದೊಡ್ಡಪ್ಪನ ಮುಂದೆ ಕೂತೆ. ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ನಮಗೆ ಸರಿ ಅನ್ನಿಸಿದ್ದು ಇದು.

ಗಲ್ಲಾದ ದುಡ್ಡಿನಲ್ಲಿ ಮೂರು ಜನರ ಪಾಲಿದೆ. ಮೊದಲ ಪಾಲು ಮುಂದಿನ ಸರಕಿನದು. ಮಾರಿದ ಸರಕನ್ನು ಇವತ್ತಿನ ಮಂಡಿ ಬೆಲೆಗೆ ಮತ್ತೆ ತರಲು ಎಷ್ಟು ಬೇಕೋ ಅಷ್ಟು. ಎರಡನೆಯದು ಆಪತ್ತಿನದು. ಹದಿನೈದು ದಿನ ವ್ಯಾಪಾರ ನಿಂತರೂ ಬಾಡಿಗೆ, ಕರೆಂಟು, ಸಂಬಳ, ಮಂಡಿ ಬಾಕಿ ಕಟ್ಟುವಷ್ಟು. ಇದು ಬ್ಯಾಂಕಿನಲ್ಲೋ ಪಿಗ್ಮಿಯಲ್ಲೋ ಇರಲಿ. ಸ್ವಲ್ಪ ಸೊರಗುತ್ತದೆ, ಸೊರಗಲಿ. 2016ರಂಥ ದಿನಕ್ಕೆ, ಆಸ್ಪತ್ರೆಯ ರಾತ್ರಿಗೆ ಅದು ಬೇಕು. ಈ ಎರಡೂ ಕಳೆದು ಉಳಿದದ್ದು ಮಾತ್ರ ಮನೆಯದು.

ನಾವು ಮಾಡುತ್ತಿದ್ದುದು ತಲೆಕೆಳಗು. ಮೊದಲು ಮನೆ, ಆಮೇಲೆ ಉಳಿದರೆ ಸರಕು. ಈಗ ಫೋನ್‌ಪೇ ಬಂದ ಮೇಲೆ ಇನ್ನೂ ಕಷ್ಟ. ಗಿರಾಕಿ ಕೊಟ್ಟ ದುಡ್ಡು ನೇರ ಮನೆಯ ಖಾತೆಗೆ ಬೀಳುತ್ತದೆ, ಅಲ್ಲಿಂದಲೇ ಮಗಳ ಫೀಸು, ಗಾಡಿಯ ಕಂತು ಹೋಗುತ್ತದೆ. ಗಲ್ಲಾಕ್ಕೆ ಇದ್ದ ಮುಚ್ಚಳವೇ ಹೋಯಿತು. ದೊಡ್ಡಪ್ಪ ಅಂಗಡಿಗೆ ಬೇರೆ ಖಾತೆ ಮಾಡಿಸಿದರು.

ಇನ್ನೆರಡು ಬದಲಾವಣೆ ಮಾಡಿದೆವು. ಬೇಗ ಬೆಲೆ ಏರುವ ಎಣ್ಣೆ, ಬೇಳೆಗೆ ದೊಡ್ಡ ಉದ್ರಿ ನಿಲ್ಲಿಸಿ, ಉಪ್ಪು, ಸೋಪಿಗೆ ಮಾತ್ರ ಇಟ್ಟುಕೊಂಡೆವು. ಉದ್ರಿ ಅಂದರೆ ಬೇರೆಯವರ ಮನೆಯಲ್ಲಿಟ್ಟ ನಮ್ಮ ನೋಟು, ಅದೂ ಸೊರಗುತ್ತದೆ. ಮತ್ತೆ, ಒಂದು ತಿಂಗಳ ಸರಕು ಒಟ್ಟಿಗೆ ತರುವ ಬದಲು ವಾರಕ್ಕೊಮ್ಮೆ ತುಮಕೂರಿನ ಮಂಡಿಪೇಟೆಗೆ ಹೋಗುವುದು. ಸಾಗಾಣಿಕೆ ಖರ್ಚು ಸ್ವಲ್ಪ ಹೆಚ್ಚು, ಆದರೆ ಬೆಲೆ ಏರಿದರೂ ಇಳಿದರೂ ದೊಡ್ಡ ಪೆಟ್ಟು ಬೀಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಹಗೇವಿನ ಕಾಲದಿಂದ ಬಂದದ್ದು. ಯುಗಾದಿ, ದೀಪಾವಳಿ ಎರಡೂ ಸಲ ದೊಡ್ಡಪ್ಪ ಈಗ ಅಂಗಡಿಯನ್ನು ರೂಪಾಯಿಯ ಜೊತೆಗೆ ಸರಕಿನಲ್ಲೂ ಎಣಿಸುತ್ತಾರೆ. ಗೂಡಲ್ಲಿ ಎಷ್ಟು ಡಬ್ಬ, ಎಷ್ಟು ಮೂಟೆ ಇದೆ, ಗಲ್ಲಾ ಮತ್ತು ಖಾತೆಯ ದುಡ್ಡಿಗೆ ಇವತ್ತು ಇನ್ನೆಷ್ಟು ಬರುತ್ತದೆ. ಹೋದ ಸಲಕ್ಕಿಂತ ಡಬ್ಬ ಕಡಿಮೆಯಾಗಿದ್ದರೆ, ನೋಟು ಎಷ್ಟೇ ಇರಲಿ, ಅಂಗಡಿ ಸೊರಗಿದೆ ಅಂತ ಅರ್ಥ.

ಹೋದ ದೀಪಾವಳಿಗೆ ಎಣಿಸಿದ ಮೇಲೆ ಕೇಳಿದೆ, "ಹೆಂಗೈತೆ ದೊಡ್ಡಪ್ಪ?"

"ಎರಡು ಡಬ್ಬ ಇನ್ನೂ ಕಡಿಮೆ ಐತೆ. ಆದ್ರೆ ಎಲ್ಲಿಗ್ ಹೋಯ್ತು ಅನ್ನೋದು ಈಗ ಗೊತ್ತೈತೆ" ಅಂದರು.

ನಿಮ್ಮದೂ ಅಂಗಡಿ ಇದ್ದರೆ, ಹೋಟೆಲ್ ಇದ್ದರೆ, ಹಾಲಿನ ಡೈರಿ ಮುಂದೆ ಒಂದು ಗೂಡಂಗಡಿ ಇದ್ದರೂ ಸರಿ, ಇವತ್ತು ಸಂಜೆ ಬಾಗಿಲು ಹಾಕುವ ಮುಂಚೆ ಒಮ್ಮೆ ಹೀಗೆ ಎಣಿಸಿ ನೋಡಿ.